ತುಂಬಿಸಿಟ್ಟ ಟ್ಯಾಂಕು

ಅಳೆಯುವ ಕೋಲನ್ನು ಟ್ರ್ಯಾಕ್ಟರಿನ ಟ್ಯಾಂಕಿನ ಬಾಯಿಗೆ ಇಳಿಸಿದ ಕೂಡಲೇ ಲೋರ್ನಾಗೆ ಏನೋ ಸರಿಯಿಲ್ಲ ಎನಿಸಿತು. ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಿಟ್ಟು ಹಿಡಿದಿದ್ದ ಜಾಗದವರೆಗೂ ಕೋಲು ಒದ್ದೆಯಾಗಿತ್ತು.

"ರಾಯ್ಸ್, ಇಲ್ಲಿ ಸ್ವಲ್ಪ ಬನ್ನಿ."

ಕೊಟ್ಟಿಗೆಯ ಆಚೆ ಮೂಲೆಯಲ್ಲಿ ರಾಯ್ಸ್ ಪೆಲ್ಕಿ ಹಿಮ ತೆಗೆಯುವ ಸ್ನೋಬ್ಲೋವರ್ ಮೇಲಿನ ಟಾರ್ಪಾಲು ಎಳೆಯುತ್ತಿದ್ದರು. ಊರಿನ ರಸ್ತೆ ಕೆಲಸಕ್ಕೆ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ಕೆಲಸ ಕಂಡರೆ ತೋಳೇರಿಸುವ ಜಾತಿ.

"ಇದರೊಳಗೆ ಪೂರ್ತಿ ಇಲಿ ಸಂಸಾರ! ನಿಮ್ಮಣ್ಣ ಯಂತ್ರ ಇಟ್ಟಿದ್ದಾನೋ, ಇಲಿ ಸಾಕಿದ್ದಾನೋ?"

"ಟ್ಯಾಂಕು ತುಂಬಿದೆ, ರಾಯ್ಸ್."

"ತುಂಬಿದ್ರೆ ಒಳ್ಳೇದೇ ಆಯ್ತಲ್ಲ, ಮರಿ. ಡೀಸೆಲ್ ಚಿಂತೆ ಬಿಡು. ಮಧ್ಯಾಹ್ನಕ್ಕೇ ಹಿಮ ಶುರು ಅಂತಿದ್ದಾರೆ. ಮೊದಲು ಇದನ್ನ ಸಿಕ್ಕಿಸೋಣ ಬಾ."

ಲೋರ್ನಾ ಹ್ಯಾಸ್ಕೆಟ್ ಕೋಲು ಹಿಡಿದುಕೊಂಡೇ ನಿಂತಳು. ನಿನ್ನೆಯಷ್ಟೇ ಜೈಲಿನ ಗಾಜಿನಾಚೆ ಕುಳಿತ ಅಣ್ಣ ವೆಂಡಲ್ ಹೇಳಿದ ಮಾತು ಅವಳ ಕಿವಿಯಲ್ಲಿತ್ತು. ಆ ಪುಣ್ಯಾತ್ಮ, ವಕೀಲರ ಬಗ್ಗೆ ಕೇಳಲಿಲ್ಲ, ಊಟದ ಬಗ್ಗೆ ದೂರಲಿಲ್ಲ. ಕೇಳಿದ್ದು ಒಂದೇ: "ಹಿಮ ಬಿದ್ರೆ ಐವಾ ಮನೆ ದಾರಿ ಯಾರು ತೆಗೀತಾರೆ? ನೀನೇ ಟ್ರ್ಯಾಕ್ಟರ್ ತಗೊಂಡು ಹೋಗು. ತಳದಲ್ಲಿ ಒಂದಿಷ್ಟು ಡೀಸೆಲ್ ಇದೆ ಅಷ್ಟೆ, ಕ್ಯಾನೂ ಎರಡೂ ಖಾಲಿ. ತುಂಬಿಸ್ಕೋ. ಗೇಜ್ ನಂಬಬೇಡ, ಕೋಲು ಹಾಕಿ ನೋಡು."

ಗೇಜಿನ ಮುಳ್ಳು ಎಷ್ಟೋ ವರ್ಷದಿಂದ ಅರ್ಧಕ್ಕೇ ಅಂಟಿಕೊಂಡಿತ್ತು. ಆದ್ದರಿಂದ ಪೊಲೀಸರು ಬಂದು ನೋಡಿದಾಗ ಯಾರಿಗೂ ಏನೂ ಹೊಳೆದಿರಲಿಲ್ಲ.

ಪೊಲೀಸರಿಗೆ ಬೇಕಾಗಿದ್ದದ್ದು ಟ್ಯಾಂಕಲ್ಲ. ನೆರೆಮನೆಯ ಐವಾಳ ಕುರಿ ಹುಲ್ಲುಗಾವಲಿನ ಹಿಂದೆ, ಮೇಲಿನ ಕಾಡಿನ ಒಡೆಯ ಡ್ವೈಟ್ ಕ್ರೋಲಿಯ ಹೆಣ ಸಿಕ್ಕ ಗುಂಡಿಯ ಜೇಡಿಮಣ್ಣಿನಲ್ಲಿ ಒಂದು ಹಲ್ಲು ಮುರಿದ ಬಕೆಟ್ಟಿನ ಗೀರು ಇತ್ತು. ಬಟರ್‌ನಟ್ ರಸ್ತೆಯಲ್ಲಿ ಅಂಥ ಬಕೆಟ್ಟು ಇದ್ದದ್ದು ವೆಂಡಲ್‌ನ ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಅಗೆಯುವ ಕೈಗೆ ಮಾತ್ರ. ಶೆರಿಫ್ ಡಾಬಿನ್ಸ್ ಆ ಕೈಯನ್ನು ಬಿಚ್ಚಿಸಿ ಸಾಕ್ಷಿಗೆಂದು ಒಯ್ದರು, ವೆಂಡಲ್‌ನನ್ನೂ ಒಯ್ದರು. ಗುಂಡಿ ತೋಡಿದ್ದ ಗುರುವಾರ ರಾತ್ರಿ ಹಿತ್ತಿಲಲ್ಲಿ ಟ್ರ್ಯಾಕ್ಟರ್ ಓಡಿದರೂ ತನಗೆ ಕೇಳಲಿಲ್ಲ, ಕಿವಿಯಂತ್ರ ತೆಗೆದಿಟ್ಟು ಮಲಗಿದ್ದೆ ಎಂದ ಅವನ ಮಾತಿಗೆ ಡಾಬಿನ್ಸ್ ನಕ್ಕರಂತೆ. ಅದೇ ಶೆರಿಫ್ ಕಚೇರಿಯ ಪತ್ತೇದಾರಳಾದ ಲೋರ್ನಾಳನ್ನು ಆರೋಪಿಯ ತಂಗಿ ಎಂದು ತನಿಖೆಯಿಂದ ಕೈಬಿಟ್ಟಿದ್ದರು. ಅವಳ ಬ್ಯಾಡ್ಜು, ಪಿಸ್ತೂಲು ಎರಡೂ ಈಗ ಶೆರಿಫರ ಮೇಜಿನ ಡ್ರಾಯರಿನಲ್ಲಿದ್ದವು.

ಸೋಮವಾರ ವೆಂಡಲ್ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಅಷ್ಟರೊಳಗೆ ಹೊಸದೇನೂ ಸಿಗದಿದ್ದರೆ ಅವನು ಈ ಕೊಟ್ಟಿಗೆಯನ್ನು ಇನ್ನು ನೋಡುವುದು ಅನುಮಾನ. ಹೊಸದೊಂದು ಈಗ ಅವಳ ಕೈಯಲ್ಲೇ ಇತ್ತು, ಒದ್ದೆ ಕೋಲಿನ ರೂಪದಲ್ಲಿ.

"ಬಾರೇ ಹುಡುಗಿ!" ಎಂದರು ರಾಯ್ಸ್.

ಅವರು ಸೀಟಿಗೇರಿ ಇಂಜಿನ್ ಹಚ್ಚಿ ಟ್ರ್ಯಾಕ್ಟರನ್ನು ಬ್ಲೋವರ್ ಕಡೆಗೆ ಹಿಂದಕ್ಕೆ ಬಿಟ್ಟರು. ಎರಡು ಕೈಯಗಲ ಉಳಿದಾಗ ಅಂತರ ನೋಡಲೆಂದು ಸೀಟಿನಿಂದ ತುಸು ಎದ್ದರು. ಇಂಜಿನ್ ಟಪ್ಪೆಂದು ನಿಂತಿತು.

"ಹಾಳಾದ್ದು! ಈ ಸೀಟಿನ ಸ್ವಿಚ್ಚು ಇನ್ನೂ ರಿಪೇರಿ ಮಾಡಿಸಿಲ್ವಾ ನಿಮ್ಮಣ್ಣ?"

"ಗೇರ್ ಇರಲಿ ಬಿಡಲಿ, ಎದ್ರೆ ಸಾಕು ನಿಂತುಬಿಡುತ್ತೆ. ಮುಂದಿನ ವಾರ ಮಾಡ್ತೀನಿ ಅಂತಾನೆ. ಅವನ ಮುಂದಿನ ವಾರ ನಿಮಗೆ ಗೊತ್ತಲ್ಲ."

ರಾಯ್ಸ್ ನಕ್ಕರು. ಲೋರ್ನಾಗೂ ನಗು ಬಂತು, ಆಮೇಲೆ ವೆಂಡಲ್‌ನ ಮುಂದಿನ ವಾರ ಎಲ್ಲಿ ಕಳೆಯುತ್ತದೋ ಎಂದು ನೆನಪಾಗಿ ನಗು ನಿಂತಿತು. ಈ ದಿನಗಳಲ್ಲಿ ರಾಯ್ಸ್ ಒಬ್ಬರು ಇಲ್ಲದಿದ್ದರೆ ತಾನೇನಾಗುತ್ತಿದ್ದೆನೋ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ವೆಂಡಲ್‌ನನ್ನು ಹಿಡಿದೊಯ್ದ ದಿನದಿಂದ ದಿನಾ ಬೆಳಿಗ್ಗೆ ಬರುತ್ತಿದ್ದರು. ಬೇಯಿಸಿದ ಹುರುಳಿಕಾಯಿ ಬೀಜದ ಮಡಕೆ ತರುತ್ತಿದ್ದರು, ಒಲೆಗೆ ಸೌದೆ ಒಡ್ಡುತ್ತಿದ್ದರು. ಅಪ್ಪ ಸತ್ತ ವರ್ಷ ಇದೇ ಕೊಟ್ಟಿಗೆಯಲ್ಲಿ ಹತ್ತು ವರ್ಷದ ಲೋರ್ನಾಳನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿ ಕ್ಲಚ್ಚು ಒತ್ತಲು ಕಲಿಸಿದವರೂ ಅವರೇ. ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿನ ಹತ್ತಿರ ಯಾವತ್ತೂ ನಿಲ್ಲಬೇಡ, ಅಂಗಿ ಸಿಕ್ಕಿದರೆ ಕೈ ಹೋಗುತ್ತೆ, ಕೈ ಸಿಕ್ಕಿದರೆ ನೀನೇ ಹೋಗ್ತೀಯ ಎಂದು ಗದರಿ ಗದರಿ ಕಲಿಸಿದ್ದರು.

ಬ್ಲೋವರಿನ ಎರಡು ಕೆಳಗಿನ ಪಿನ್ನು ಕೂತವು. ಮೇಲಿನದಕ್ಕೆ ರಾಯ್ಸ್ ಸುತ್ತಿಗೆ ಹುಡುಕುತ್ತಿದ್ದಾಗ ಲೋರ್ನಾ ಇಂಜಿನ್ ಪಕ್ಕ ಕೂತು, ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲು ಬಿಚ್ಚತೊಡಗಿದಳು. ಚಳಿಗಾಲಕ್ಕೆ ಮುಂಚೆ ಅದರ ತಳದ ನೀರು ಚೆಲ್ಲಲೇಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಬೆಳಿಗ್ಗೆ ಇಂಜಿನ್ ಸತಾಯಿಸುತ್ತದೆ. ಬಟ್ಟಲಿನಲ್ಲಿದ್ದದ್ದನ್ನು ಒಂದು ಉಪ್ಪಿನಕಾಯಿ ಜಾಡಿಗೆ ಸುರಿದಳು.

ಕೆಂಪಗಿರಬೇಕಾಗಿತ್ತು. ಬಂದದ್ದು ತೊಳೆದ ಗುಲಾಬಿ ಬಣ್ಣ.

"ಇದನ್ನ ನೋಡಿ," ಎಂದಳು. "ಹೊಲದ ಡೀಸೆಲ್ ಅಲ್ಲ ಇದು. ತಳದಲ್ಲಿ ವೆಂಡಲ್‌ದು ಸ್ವಲ್ಪ, ಮೇಲೆ ಯಾರೋ ಬಂಕಿನ ಬಿಳಿ ಡೀಸೆಲ್ ಸುರಿದಿದ್ದಾರೆ."

ಬಟರ್‌ನಟ್ ರಸ್ತೆಯಲ್ಲಿ ಎಲ್ಲರೂ ಹೊಲದ ಕೆಲಸಕ್ಕೆಂದು ಕೆಂಪು ಬಣ್ಣ ಬೆರೆಸಿ ಮಾರುವ, ತೆರಿಗೆಯಿಲ್ಲದ ಡೀಸೆಲ್ಲನ್ನೇ ತರಿಸುತ್ತಾರೆ. ಟ್ರ್ಯಾಕ್ಟರಿಗೆ ಬಂಕಿನದು ಹಾಕುವವನನ್ನು ಹುಚ್ಚ ಅಂತಾರೆ.

ರಾಯ್ಸ್ ಜಾಡಿ ತೆಗೆದುಕೊಂಡು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ವೆಂಡಲ್ಲೇ ಹಾಕಿರ್ತಾನೆ. ಅವಸರದಲ್ಲಿ ಬಂಕಿಂದ ತಂದಿರ್ತಾನೆ."

"ಅವನೇ ಹಾಕಿದ್ರೆ ಖಾಲಿ ಅಂತ ನನಗ್ಯಾಕೆ ಹೇಳ್ತಿದ್ದ?"

"ಜೈಲಲ್ಲಿ ಕೂತೋನಿಗೆ ಏನು ನೆನಪಿರುತ್ತೆ?"

"ವೆಂಡಲ್‌ಗೆ ನನ್ನ ಹುಟ್ಟಿದಹಬ್ಬ ನೆನಪಿರಲ್ಲ. ಟ್ಯಾಂಕು ನೆನಪಿರುತ್ತೆ."

ಹೇಳುತ್ತಿದ್ದಂತೆ ಅವಳಿಗೇ ಅದರ ಅರ್ಥ ಪೂರ್ತಿ ಹೊಳೆಯಿತು. ಈ ರಸ್ತೆಯಲ್ಲಿ ಯಂತ್ರ ಎರವಲು ತಂದವರು ಕೆಸರು ತೊಳೆದು, ಗ್ರೀಸ್ ಹೊಡೆದು, ಟ್ಯಾಂಕು ತುಂಬಿಸದೆ ಹಿಂತಿರುಗಿಸುವುದಿಲ್ಲ. ಅದಕ್ಕೆ ಯಾರೂ ಧನ್ಯವಾದ ಹೇಳುವುದಿಲ್ಲ, ಹೇಳಿಸಿಕೊಳ್ಳುವುದೂ ಇಲ್ಲ. ಹೆಣ ಹೂಳಲೆಂದು ಕದ್ದು ಒಯ್ದ ಟ್ರ್ಯಾಕ್ಟರಿಗೂ ಯಾವನೋ ಟ್ಯಾಂಕು ತುಂಬಿಸಿ ಇಟ್ಟಿದ್ದ! ಬೇರೆ ಊರಿನ ಪತ್ತೇದಾರನಿಗೆ ಇದನ್ನು ಹೇಳಿದರೆ ತಲೆ ಸರಿಯಿದೆಯಾ ಎಂದು ಕೇಳಿಯಾನು. ಲೋರ್ನಾ ಇದೇ ರಸ್ತೆಯಲ್ಲಿ ಹುಟ್ಟಿದವಳು, ಅವಳಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ.

"ಬಂಕಿನ ಡೀಸೆಲ್ ತರೋನು ಒಬ್ಬನೇ," ಎಂದಳು. "ಗ್ರಾಂಟ್ ವಿಟ್ಲಾಕ್."

"ಹೋಗಬೇಡ, ಲೋರ್ನಾ." ರಾಯ್ಸ್ ಸುತ್ತಿಗೆ ಕೆಳಗಿಟ್ಟರು. "ನೀನು ಈ ಕೇಸಲ್ಲಿಲ್ಲ. ಡಾಬಿನ್ಸ್‌ಗೆ ಗೊತ್ತಾದ್ರೆ ಕೆಲಸಾನೇ ಹೋಗುತ್ತೆ. ಹಿಮ ಬರ್ತಾ ಇದೆ. ಐವಾ ದಾರಿ ತೆಗೆದು ಬಂದಮೇಲೆ ಇಬ್ಬರೂ ಕೂತು ಯೋಚನೆ ಮಾಡೋಣ. ನನ್ನ ಮಾತು ಕೇಳು, ಮರಿ."

"ಕೆಲಸ ಹೋದ್ರೆ ಹೋಗಲಿ. ವೆಂಡಲ್ ಹೋದ್ರೆ ಬರ್ತಾನಾ?"

ಜಾಡಿಯನ್ನು ಬೆಂಚಿನ ಮೇಲಿಟ್ಟು ಅವಳು ಪಿಕಪ್ ಹತ್ತಿದಳು. ರಾಯ್ಸ್ ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ಕನ್ನಡಿಯಲ್ಲಿ ಕಂಡಿತು. ಪಾಪ, ಎಷ್ಟು ಕಾಳಜಿ ಎಂದುಕೊಂಡಳು.

*

ಗ್ರಾಂಟ್ ವಿಟ್ಲಾಕ್‌ನ ಮನೆ ಹೊಲದಾಚೆಯೇ. ನಡೆದು ಹೋದರೆ ಹತ್ತಿರ, ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ಬಾಸ್ಟನ್ನಿನ ವಿಮಾ ಕಚೇರಿಯ ಕೆಲಸ ಬಿಟ್ಟು ಎರಡು ವರ್ಷದ ಹಿಂದೆ ಬಂದವನು. ಊರಿನವರ ಕಣ್ಣಿನಲ್ಲಿ ಇನ್ನೂ ನಿನ್ನೆ ಬಂದವನೇ. ಡ್ವೈಟ್ ಕ್ರೋಲಿ ಮೇಲಿನ ಕಾಡಿನ ದಾರಿಗೆ ಸರಪಳಿ ಕಟ್ಟಿದಾಗ ಊರಿನ ಸಭೆಯಲ್ಲಿ ವೆಂಡಲ್ ಕೂಗಾಡಿದ್ದು ಎಲ್ಲರಿಗೂ ನೆನಪಿತ್ತು. ಡ್ವೈಟ್‌ಗೆ ವಕೀಲರಿಂದ ನೋಟೀಸು ಕೊಡಿಸಿದವನು ಗ್ರಾಂಟ್ ಎಂಬುದು ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಅವನು ಮನೆಯ ಮುಂದೆ ಬರ್ಚ್ ಮರದ ತುಂಡು ಸೀಳುತ್ತಿದ್ದ. ಲೋರ್ನಾಳನ್ನು ಕಂಡು ಕೊಡಲಿ ಕೆಳಗಿಡಲಿಲ್ಲ.

"ಪೊಲೀಸಾಗಿ ಬಂದಿದ್ದೀರಾ?"

"ಇಲ್ಲ. ವೆಂಡಲ್ ತಂಗಿಯಾಗಿ."

"ಹಾಗಾದ್ರೆ ನಾನು ಉತ್ತರ ಕೊಡಬೇಕಾಗಿಲ್ಲ."

"ಖಂಡಿತ ಬೇಕಾಗಿಲ್ಲ," ಎಂದು ಅವಳು ಅವನನ್ನು ದಾಟಿ ಸೌದೆ ಮನೆಯತ್ತ ನಡೆದಳು. ಗೋಡೆಗೆ ಒರಗಿ ಹಳದಿ ಕ್ಯಾನೊಂದಿತ್ತು. ಮುಚ್ಚಳ ತಿರುಗಿಸಿ, ಈಗಷ್ಟೇ ಸೀಳಿದ ಬೆಳ್ಳಗಿನ ಚಕ್ಕೆಯೊಂದರ ಮೇಲೆ ನಾಲ್ಕು ಹನಿ ಚೆಲ್ಲಿದಳು. ಚಕ್ಕೆ ಒದ್ದೆಯಾಯಿತು, ಕೆಂಪಾಗಲಿಲ್ಲ.

"ಏಯ್! ಏನು ಮಾಡ್ತಿದ್ದೀರಿ?"

"ಬಂಕಿನ ಡೀಸೆಲ್. ಯಾತಕ್ಕೆ?"

"ಜನರೇಟರ್‌ಗೆ."

"ಜನರೇಟರ್‌ದು ವೆಂಡಲ್ ಟ್ಯಾಂಕಿಗೆ ಹೇಗೆ ಬಂತು?"

ಕೊಡಲಿಯ ಹಿಡಿಯ ಮೇಲೆ ಗ್ರಾಂಟ್‌ನ ಬೆರಳು ಬಿಗಿಯಿತು. ಲೋರ್ನಾ ತನಗೂ ಅವನಿಗೂ ನಡುವೆ ಸೌದೆ ರಾಶಿ ಇರುವಂತೆ ನಿಂತಳು. ಸೊಂಟದ ಬಲಗಡೆ ಕೈ ತಾನಾಗಿ ಹೋಯಿತು, ಅಲ್ಲಿ ಏನೂ ಇರಲಿಲ್ಲ.

"ನಾನು ಆ ಟ್ರ್ಯಾಕ್ಟರ್ ಓಡಿಸಿಲ್ಲ," ಎಂದ ಅವನು.

"ಓಡಿಸಿದ್ದೀಯ ಅಂತ ನಾನು ಹೇಳಿಲ್ಲ."

"ಎಲ್ಲರೂ ಹೇಳ್ತಾರೆ! ನೀವೂ ಹೇಳ್ತೀರಿ. ನಿಮ್ಮೂರಲ್ಲಿ ನಾಯಿ ಕಳೆದುಹೋದ್ರೂ ನಾನೇ ಕಾರಣ." ಅವನ ದನಿ ಒಡೆಯಿತು. "ಬಂದ ವರ್ಷ ಒಂದ್ಸಲ ವೆಂಡಲ್ ಟ್ರ್ಯಾಕ್ಟರ್ ತಂದೆ. ಕೆಸರೂ ತೊಳೀಲಿಲ್ಲ, ಡೀಸೆಲ್ಲೂ ಹಾಕ್ಲಿಲ್ಲ. ನನಗೇನು ಗೊತ್ತಿತ್ತು? ಮಾರನೇ ದಿನ ಐವಾ ಮನೆ ದಾರೀಲಿ ಅವನು ಹಿಮ ತೆಗೀತಿದ್ದಾಗ ನಿಂತುಹೋಯ್ತಂತೆ. ಆ ಚಳೀಲಿ ಮಲಗಿ ಡೀಸೆಲ್ ಪೈಪಿಂದ ಏರ್ ತೆಗೆದನಂತೆ. ಅಂಗಡೀಲಿ ಈಗ ಖಾಲಿ ಕಪ್ಪಿಗೆ ಏನಂತಾರೆ ಗೊತ್ತಾ? ವಿಟ್ಲಾಕ್ ಅಂತಾರೆ! 'ನನಗೊಂದು ವಿಟ್ಲಾಕ್ ಕೊಟ್ಟಿದ್ದೀಯಲ್ಲ, ಕಾಫಿ ಹುಯ್ಯಮ್ಮ' ಅಂತಾರೆ. ನನ್ನೆದುರಿಗೇ!"

ಆ ಮಾತಿಗೆ ಲೋರ್ನಾಳೂ ಹೊಟ್ಟೆ ಹಿಡಿದು ನಕ್ಕಿದ್ದಳು. ಈಗ ನಾಚಿಕೆಯಾಯಿತು.

"ಗ್ರಾಂಟ್, ವೆಂಡಲ್ ಸೋಮವಾರ ಕೋರ್ಟಿಗೆ ಹೋಗ್ತಾನೆ. ನೀನು ಕೊಲೆ ಮಾಡಿಲ್ಲ ಅನ್ನೋದು ನನಗೆ ಗೊತ್ತು."

"ಹೇಗೆ ಗೊತ್ತು?"

"ಹಲ್ಲು ಮುರಿದ ಬಕೆಟ್ಟಲ್ಲಿ ಕಲ್ಲಿನ ನೆಲದಲ್ಲಿ ಅಷ್ಟು ನೇರ ಗುಂಡಿ ತೋಡೋದು ನಿನ್ನ ಕೈಲಿ ಆಗಲ್ಲ."

ಅವನು ನೋವಾದವನಂತೆ ನೋಡಿದ. ಆಮೇಲೆ, ಇಷ್ಟು ದಿನದಲ್ಲಿ ಮೊದಲ ಸಲವೇನೋ, ಸಣ್ಣಗೆ ನಕ್ಕ. ಕೊಡಲಿಯನ್ನು ದಿಮ್ಮಿಗೆ ಹೊಡೆದು ನಿಲ್ಲಿಸಿ ಕೈ ಬಿಟ್ಟ.

"ಟ್ಯಾಂಕು ತುಂಬಿಸಿದ್ದು ನಾನೇ. ಶುಕ್ರವಾರ ಬೆಳಿಗ್ಗೆ. ವೆಂಡಲ್ ಪೇಟೆಗೆ ಹೋಗಿದ್ದ."

"ಯಾಕೆ?"

"ತುಂಬಿಸು ಅಂತ ಹೇಳಿದ್ರು."

"ಯಾರು?"

ಗ್ರಾಂಟ್ ರಸ್ತೆಯ ಎರಡೂ ಕಡೆ ನೋಡಿದ. "ನಾನು ಹೇಳಿದ್ರೆ ಯಾರೂ ನಂಬಲ್ಲ. ನೀವಂತೂ ನಂಬೋದೇ ಇಲ್ಲ."

"ಹೇಳು."

"ಫೋನ್ ಮಾಡಿದ್ರು. 'ವೆಂಡಲ್ ಯಂತ್ರ ಎರವಲು ತಂದಿದ್ದೆ, ಮೋರಿ ಕೊಳವೆ ಕೆಲಸ ಇತ್ತು, ವಾಪಸ್ ನಿಲ್ಲಿಸಿಬಿಟ್ಟಿದ್ದೀನಿ, ಆದ್ರೆ ಟ್ಯಾಂಕು ಒಣಗಿದೆ, ನನ್ನ ಕ್ಯಾನ್‌ಗಳೂ ಖಾಲಿ, ಬೆನ್ನು ಬೇರೆ ಹಿಡ್ಕೊಂಡಿದೆ' ಅಂದ್ರು. ನೀನು ಸದ್ದಿಲ್ಲದೆ ತುಂಬಿಸಿಬಿಡು, ನಿನ್ನ ಡೀಸೆಲ್ ನಾನು ವಾಪಸ್ ಕೊಡ್ತೀನಿ ಅಂದ್ರು. ನನಗೆಷ್ಟು ಸಂತೋಷ ಆಯ್ತು ಗೊತ್ತಾ? ಈ ಊರಲ್ಲಿ ಒಬ್ಬರು ನನ್ನ ಹತ್ರ ಉಪಕಾರ ಕೇಳಿದ್ದು ಅದೇ ಮೊದಲು. ಕತ್ತಿನವರೆಗೂ ತುಂಬಿಸಿದೆ. ಸುತ್ತ ಒರೆಸಿ ಬಂದೆ."

"ಯಾರು, ಗ್ರಾಂಟ್?"

"ಹೆಣ ಸಿಕ್ಕ ದಿನ ಅವರೇ ಇಲ್ಲಿಗೆ ಬಂದ್ರು. ಕಾಫಿ ಕುಡಿದ್ರು. ಆ ಟ್ರ್ಯಾಕ್ಟರ್ ಮುಟ್ಟಿದ್ದೆ ಅಂತ ಬಾಯಿ ಬಿಟ್ಟೆ ಅಂದ್ರೆ ವೆಂಡಲ್ ಬದಲು ನಿನ್ನನ್ನ ಒಳಗೆ ಹಾಕ್ತಾರೆ, ನೀನು ಹೊರಗಿನವನು, ಯಾರು ನಿನ್ನ ಪರ ನಿಲ್ತಾರೆ ಅಂದ್ರು. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ ಅಂದ್ರು." ಗ್ರಾಂಟ್ ಕೈ ಒರೆಸಿಕೊಂಡ. "ರಾಯ್ಸ್ ಪೆಲ್ಕಿ."

ಲೋರ್ನಾಗೆ ಮೊದಲು ಬಂದದ್ದು ಕೋಪ. ಆ ಹೆಸರನ್ನು ಈ ಬಾಯಲ್ಲಿ ಕೇಳಿದ ಕೋಪ. ಸುಳ್ಳು ಎಂದು ಕೂಗಲು ಬಾಯಿ ತೆರೆದಳು.

ಆದರೆ ಮೋರಿ ಕೊಳವೆ ಕೆಲಸ ಎಲ್ಲಿತ್ತು? ರಾಯ್ಸ್ ನಿವೃತ್ತರಾಗಿ ವರ್ಷಗಳಾದವು. ಬೇಕಿದ್ದರೆ ಹಗಲಿನಲ್ಲಿ ವೆಂಡಲ್‌ನನ್ನು ಕೇಳಿ ಒಯ್ಯುತ್ತಿದ್ದರು. ವೆಂಡಲ್ ಕಿವಿಯಂತ್ರ ತೆಗೆದಿಟ್ಟು ಮಲಗುತ್ತಾನೆಂದು ಗೊತ್ತಿದ್ದವರು ಯಾರು? ಕಲ್ಲು ನೆಲದಲ್ಲಿ ನೂಲು ಹಿಡಿದಂತೆ ಗುಂಡಿ ತೋಡುವ ಕೈ ಈ ಊರಲ್ಲಿ ಯಾರದು? ತುಂಬಿದ ಟ್ಯಾಂಕು ತೋರಿಸಿದಾಗ 'ಡೀಸೆಲ್ ಚಿಂತೆ ಬಿಡು' ಎಂದವರು ಯಾರು?

ಅಪ್ಪ ಸತ್ತಾಗ ಆದ ಸಂಕಟವೇ ಮತ್ತೆ ಬಂತು, ಅವಳಿಗೆ ಗುರುತು ಸಿಕ್ಕಿತು.

ಆಮೇಲೆ ಜಾಡಿ ನೆನಪಾಯಿತು.

"ಒಳಗೆ ಹೋಗಿ ಬಾಗಿಲು ಹಾಕ್ಕೋ," ಎಂದಳು. "ನಾನು ಫೋನ್ ಮಾಡೋವರೆಗೂ ಹೊರಗೆ ಬರಬೇಡ. ಇದನ್ನ ಶೆರಿಫ್ ಮುಂದೆ ಹೇಳ್ತೀಯಾ?"

ಅವನು ಯೋಚಿಸಿದ. "ನೀವು ಪಕ್ಕದಲ್ಲಿದ್ರೆ ಹೇಳ್ತೀನಿ."

*

ಅವಳು ಅಂಗಳಕ್ಕೆ ಪಿಕಪ್ ನುಗ್ಗಿಸಿದಾಗ ಮೊದಲ ಹಿಮದ ಎಳೆಗಳು ಇಳಿಯುತ್ತಿದ್ದವು. ಎಂದಿನಂತೆ ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಇಳಿದಳು. ಈ ರಸ್ತೆಯಲ್ಲಿ ಯಾರೂ ಕೀಲಿ ಜೇಬಿಗೆ ಹಾಕುವುದಿಲ್ಲ.

ಟ್ರ್ಯಾಕ್ಟರ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿತ್ತು. ಬ್ಲೋವರ್ ಸರಿಯಾಗಿ ಕೂತಿತ್ತು. ಕೀಲುಕೀಲಿಗೂ ಹೊಸ ಗ್ರೀಸ್ ಮೆತ್ತಿತ್ತು. ಮುಂಭಾಗದ ಮಣ್ಣೆತ್ತುವ ಬಕೆಟ್ಟು ಶಾಸ್ತ್ರದ ಪ್ರಕಾರ ನೆಲಕ್ಕೆ ಒರಗಿತ್ತು.

ರಾಯ್ಸ್ ಬಟ್ಟೆಯಲ್ಲಿ ಕೈ ಒರೆಸುತ್ತಿದ್ದರು. "ಎಲ್ಲ ಮುಗೀತು, ಮರಿ. ಟ್ಯಾಂಕೂ ತುಂಬಿಸಿಟ್ಟಿದ್ದೀನಿ."

"ಬೆಳಿಗ್ಗೆನೇ ತುಂಬಿತ್ತು."

"ಇಲ್ಲ. ತಳದಲ್ಲಿ ಒಂದಿಷ್ಟಿತ್ತು ಅಷ್ಟೆ. ವೆಂಡಲ್ ನಿನಗೆ ಹೇಳಿದ್ನಲ್ಲ."

ಅವಳು ಇಂಜಿನ್ ಪಕ್ಕ ಕೂತಳು. ಫಿಲ್ಟರಿನ ಗಾಜಿನ ಬಟ್ಟಲು ಫಳಫಳ ಹೊಳೆಯುತ್ತಿತ್ತು. ಅದರೊಳಗೆ ಕಡುಗೆಂಪು ಡೀಸೆಲ್. ಬೆಂಚಿನ ಮೇಲೆ ಉಪ್ಪಿನಕಾಯಿ ಜಾಡಿ ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕಲಾಗಿತ್ತು. ಅಳೆಯುವ ಕೋಲು ಎಲ್ಲೂ ಇರಲಿಲ್ಲ. ಮೂಲೆಯ ಒಲೆಯಲ್ಲಿ ಬೆಂಕಿ ಚಟಚಟ ಎನ್ನುತ್ತಿತ್ತು.

ಅವಳು ನೋಡುತ್ತ ಕೂತಿದ್ದಾಗ ರಾಯ್ಸ್ ಹೊರಗೆ ಗಾಡಿಗಳ ಕಡೆ ಹೋಗಿ ಬಂದರು. ಕೈಯಲ್ಲಿ ಒಂದು ತುಂಬಿದ ಕ್ಯಾನಿತ್ತು. ಕ್ಯಾನಿನ ಬಾಯಿಯ ಸುತ್ತ, ಬೆಳಿಗ್ಗೆ ಜಾಡಿಯಲ್ಲಿ ಕಂಡ ಅದೇ ತೊಳೆದ ಗುಲಾಬಿ ಬಣ್ಣದ ಹನಿಗಳು.

"ಡ್ವೈಟ್ ನಿಮಗೇನು ಮಾಡಿದ್ದ, ರಾಯ್ಸ್?"

ಅವರು ಕ್ಯಾನನ್ನು ಬಕೆಟ್ಟಿನೊಳಗೆ ಅಲುಗದಂತೆ ಇಟ್ಟರು. "ಸತ್ತೋರ ಮಾತು ಈಗ್ಯಾಕೆ?"

"ವೆಂಡಲ್ ಜೈಲಲ್ಲಿದ್ದಾನೆ. ನೀವು ಮಗನ ಹಾಗೆ ನೋಡ್ಕೊಂಡವನು."

"ವೆಂಡಲ್‌ಗೆ ಏನೂ ಆಗಲ್ಲ." ಮೊದಲ ಸಲ ಅವರ ದನಿ ನಡುಗಿತು. "ಆ ಬಕೆಟ್ಟು ಯಾರು ಬೇಕಾದ್ರೂ ಒಯ್ದಿರಬಹುದು ಅಂತ ವಕೀಲರು ವಾದ ಮಾಡ್ತಾರೆ. ಒಬ್ಬರ ಮೇಲೂ ಸಾಬೀತಾಗಲ್ಲ. ಬಿಟ್ಟುಬಿಡ್ತಾರೆ. ನಾನು ಎಲ್ಲಾ ಯೋಚನೆ ಮಾಡಿದ್ದೀನಿ."

"ಗೊತ್ತಿರೋರು ಇದ್ದಾರೆ."

"ಇದ್ದಾರೆ," ಎಂದರು ರಾಯ್ಸ್ ಮೆಲ್ಲಗೆ. ಗ್ರಾಂಟ್ ಏನಂದ ಎಂದು ಅವರು ಕೇಳಲೇ ಇಲ್ಲ. ಸೀಟಿಗೇರಿ ಕೂತರು. "ಗ್ರಾಂಟ್ ಡೀಸೆಲ್ ನನ್ನ ಹತ್ರ ಬಾಕಿ ಉಳಿದಿದೆ. ಬೇರೆಯವರದು ಇಟ್ಕೊಂಡ್ರೆ ನನಗೆ ನಿದ್ದೆ ಹತ್ತಲ್ಲ, ನಿನಗೆ ಗೊತ್ತಲ್ಲ. ಹೊಲ ಅಡ್ಡ ಹಾಯ್ದು ಕೊಟ್ಟು, ಹಾಗೇ ಐವಾ ದಾರೀನೂ ತೆಗೆದು ಬರ್ತೀನಿ."

ಅಷ್ಟೇ ಅವರ ತಪ್ಪೊಪ್ಪಿಗೆ. ಕೇಳಿದವಳು ಇವಳೊಬ್ಬಳು, ಆರೋಪಿಯ ತಂಗಿ.

ಲೋರ್ನಾ ಹಿಂದಿನಿಂದ ಓಡಿ ಬಂದು ಸೀಟಿನ ಕಂಬಿ ಹಿಡಿದಳು. ಎಳೆದು ಕೆಳಗೆ ಹಾಕುವುದೇ ಅವಳ ಉದ್ದೇಶವಾಗಿತ್ತು. ಇಂಜಿನ್ ಗುಡುಗಿತು, ರಾಯ್ಸ್ ಪಕ್ಕದ ಹಿಡಿಕೆಯೊಂದನ್ನು ಎಳೆದರು, ಬ್ಲೋವರ್ ಗಿರ್ರೆಂದಿತು.

"ಶಾಫ್ಟ್ ತಿರುಗ್ತಿದೆ, ಹುಡುಗಿ! ಪಕ್ಕಕ್ಕೆ!"

ಅದೇ ಗದರು, ಅದೇ ದನಿ. ಹತ್ತು ವರ್ಷದ ಹುಡುಗಿಯ ಕಾಲು ಯೋಚನೆಗಿಂತ ಮೊದಲೇ ಹಿಂದಕ್ಕೆ ಹಾರಿತು. ಕೈ ಕಂಬಿಯನ್ನು ಬಿಟ್ಟಿತು. ಅಷ್ಟರಲ್ಲಿ ಟ್ರ್ಯಾಕ್ಟರ್ ಬಾಗಿಲು ದಾಟಿ ಹೊಲಕ್ಕೆ ಇಳಿದಾಗಿತ್ತು.

ಅವಳು ಪಿಕಪ್ಪಿಗೆ ಓಡಿದಳು. ಕೀಲಿ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ರಾಯ್ಸ್‌ರ ಗಾಡಿಯಲ್ಲೂ ಇರಲಿಲ್ಲ.

ಈ ಗುಡ್ಡದಲ್ಲಿ ಮೊಬೈಲು ಸತ್ತ ವಸ್ತು. ವೆಂಡಲ್‌ನ ಅಡುಗೆಮನೆಯ ಗೋಡೆಯ ಫೋನಿಗೆ ಓಡಿ, ಗ್ರಾಂಟ್‌ನ ನಂಬರು ಒತ್ತಿದಳು. ಎತ್ತು ಮಾರಾಯ, ಎತ್ತು. ಕಿಟಕಿಯಾಚೆ ಹಿಮ ದಟ್ಟವಾಗಿ ಹೊಲವೇ ಕಾಣದಾಗಿತ್ತು. ಟ್ರ್ಯಾಕ್ಟರಿನ ಸದ್ದು ಮಾತ್ರ ದೂರದೂರ ಹೋಗುತ್ತಿತ್ತು. ಆ ಸದ್ದು ಕೇಳುವವರೆಗೂ ರಾಯ್ಸ್ ಸೀಟಿನ ಮೇಲೇ ಇದ್ದಾರೆ ಎಂಬುದೊಂದೇ ಅವಳ ಧೈರ್ಯ.

ಆ ತುದಿಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಹೊಲದಾಚೆ ಇಂಜಿನ್ ಟಪ್ಪೆಂದು ನಿಂತಿತು.